ಊದುತ್ತಿದ್ದೀಯಾ, ಪುತಾ?

ಸಣ್ಣದೊಂದು ಪ್ರಶ್ನೆ ಮನುಷ್ಯನನ್ನು ಮೂವತ್ತು ವರ್ಷ ಬೆನ್ನಟ್ಟಬಲ್ಲದೆಂದು ನನಗೆ ಮನವರಿಕೆಯಾದದ್ದು ಐವತ್ತು ದಾಟಿದ ಮೇಲೆ. ಅದನ್ನು ಕೇಳುತ್ತಿದ್ದವರು ನಮ್ಮೂರ ಬ್ಯಾಂಡಿನ ಮಾಸ್ತರರು. ಮುಂಬಯಿಯಿಂದ ನಾನು ರಜೆಯಲ್ಲಿ ಊರಿಗೆ ಬಂದಾಗಲೆಲ್ಲ, ಭಾನುವಾರದ ಬಲಿಪೂಜೆ ಮುಗಿದು ಜನ ದೇವಾಲಯದ ಮೆಟ್ಟಿಲಿಳಿಯುವ ಹೊತ್ತಿಗೆ, ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ನಿಲ್ಲಿಸುತ್ತಿದ್ದರು. "ಊದುತ್ತಿದ್ದೀಯಾ, ಪುತಾ?" ಎಂದು ಕೇಳುತ್ತಿದ್ದರು. ನಾನು "ಹೌದು ಮಾಸ್ತರರೇ" ಎನ್ನುತ್ತಿದ್ದೆ. ಅವರು ತಲೆದೂಗಿ, ಕೈಯನ್ನು ಒಮ್ಮೆ ಅದುಮಿ ಬಿಡುತ್ತಿದ್ದರು. ಸತ್ಯವೇನೆಂದರೆ ನಾನು ಊದುತ್ತಿರಲಿಲ್ಲ. 1991ರಲ್ಲಿ ಊರು ಬಿಟ್ಟ ಮೇಲೆ ಸ್ಯಾಕ್ಸೋಫೋನನ್ನು ಮುಟ್ಟಿಯೇ ಇರಲಿಲ್ಲ.

ನಮ್ಮದು ಅಡಿಕೆ ತೋಟಗಳ ನಡುವಿನ ಪುಟ್ಟ ಧರ್ಮಕೇಂದ್ರ. ಮಂಗಳೂರಿನ ಸುತ್ತಮುತ್ತಲ ಅನೇಕ ಊರುಗಳಲ್ಲಿದ್ದಂತೆ ನಮ್ಮಲ್ಲಿಯೂ ಒಂದು ಬ್ಯಾಂಡ್ ಇತ್ತು. ಭ್ರಾತೃತ್ವದ ಭಾನುವಾರದ ಪರಮ ಪ್ರಸಾದದ ಮೆರವಣಿಗೆ, ವಾರ್ಷಿಕ ಹಬ್ಬ, ಮದುವೆಯ ದಿಬ್ಬಣ, ಶವಯಾತ್ರೆ, ಹೀಗೆ ಊರಿನ ಸುಖದುಃಖಗಳೆಲ್ಲ ಆ ಬ್ಯಾಂಡಿನ ಹಿಂದೆಯೇ ನಡೆಯುತ್ತಿದ್ದವು. ಬ್ಯಾಂಡು ದೇವಾಲಯದ ಮುಖಮಂಟಪದವರೆಗೆ ಮಾತ್ರ ಬಂದು ಅಲ್ಲಿಗೆ ನಿಲ್ಲುತ್ತಿತ್ತು. ಒಳಗಿನದು ಹಾರ್ಮೋನಿಯಮಿನ ರಾಜ್ಯ. ದೇವಾಲಯದೊಳಗೆ ಬ್ಯಾಂಡ್ ನುಡಿಸಕೂಡದು, ಧರ್ಮಾಧ್ಯಕ್ಷರ ಅನುಮತಿಯಿದ್ದರೆ ಹೊರಗಿನ ಮೆರವಣಿಗೆಯಲ್ಲಿ ನುಡಿಸಬಹುದು ಎಂದು ಹತ್ತನೆಯ ಭಕ್ತಿನಾಥ ಪೋಪರು 1903ರಲ್ಲಿಯೇ ವಿಧಿಸಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಈ ನಿಯಮವನ್ನು ಸಡಿಲಿಸಿ, ಪೂಜೆಗೆ ಯೋಗ್ಯವೆನಿಸುವ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ನಮ್ಮ ಬ್ಯಾಂಡಿಗೆ ಆ ಸುದ್ದಿ ಮುಟ್ಟಿರಲಿಲ್ಲವೋ, ಅಥವಾ ಹೊರಗಿನ ಗಾಳಿಯೇ ಅದಕ್ಕೆ ಹಿತವಾಗಿತ್ತೋ, ನಾನರಿಯೆ.

1982ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ನಾನು ಬ್ಯಾಂಡಿಗೆ ಸೇರಿದೆ. ಮಾಸ್ತರರು ಹಗಲಿಡೀ ಬಟ್ಟೆ ಹೊಲಿದು, ಸಂಜೆ ಶಾಲೆಯ ಜಗಲಿಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ಯಾರಿಂದಲೂ ಕಾಸು ತೆಗೆದುಕೊಂಡವರಲ್ಲ. ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ರೀಡ್ ಎಂಬುದು ಜೊಂಡನ್ನು ಸೀಳಿ ಕೆತ್ತಿದ ಒಂದು ತೆಳು ಪಟ್ಟಿ. ಅದು ಕೆಲವೇ ವಾರ ಬಾಳುತ್ತದೆ. ಆ ಕಾಲದಲ್ಲಿ ನಮ್ಮ ಕಡೆ ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. ಹಳೆಯ ರೀಡನ್ನೇ ಮಾಸ್ತರರು ನಯವಾದ ಮರಳುಕಾಗದದಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜಿ ನಮಗೆ ಕೊಡುತ್ತಿದ್ದರು. ಸೂಜಿಗೆ ದಾರ ಪೋಣಿಸುವ ಕಣ್ಣುಗಳವು. ಒಂಬತ್ತು ವರ್ಷ ಅವರ ಬಳಿ ಕಲಿತೆ. ಕೊನೆಯ ಮೂರು ವರ್ಷ ಮೆರವಣಿಗೆಯ ಮುಂಸಾಲಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್ ನನ್ನ ಕೊರಳಲ್ಲಿತ್ತು.

ಮುಂಬಯಿಯಲ್ಲಿ ನೌಕರಿ ಸಿಕ್ಕಿತು. "ಹಬ್ಬಕ್ಕೆ ಬಂದೇ ಬರುತ್ತೇನೆ" ಎಂದು ಹೇಳಿ ಹೊರಟೆ. ವಾದ್ಯ ಬ್ಯಾಂಡಿನದಾದ್ದರಿಂದ ಪೆಟ್ಟಿಗೆಯಲ್ಲಿಟ್ಟು ಮಾಸ್ತರರಿಗೊಪ್ಪಿಸಿದೆ. ಆ ವರ್ಷದ ಹಬ್ಬಕ್ಕೆ ರಜೆ ಸಿಗಲಿಲ್ಲ. ಮರುವರ್ಷ ರಜೆ ಸಿಕ್ಕಿತು, ನಾನು ಕೇಳಲಿಲ್ಲ. ಹೀಗೆ ಬಿಟ್ಟದ್ದಕ್ಕೆ ಒಂದು ದಿನಾಂಕವಿಲ್ಲ, ಒಂದು ನಿರ್ಧಾರವೂ ಇಲ್ಲ. ನಮ್ಮ ಜೀವನದಲ್ಲಿ ಕೈಬಿಟ್ಟು ಹೋಗುವ ಬಹುತೇಕ ಸಂಗತಿಗಳು ಹೀಗೆಯೇ ಹೋಗುತ್ತವೆ. ಯಾರೂ ಅವನ್ನು ಕಿತ್ತುಕೊಳ್ಳುವುದಿಲ್ಲ, ನಾವೂ ಎಸೆಯುವುದಿಲ್ಲ.

ಆದರೆ ಸುಳ್ಳಿಗೆ ದಿನಾಂಕವಿತ್ತು. ಅದನ್ನು ನಾನು ವರ್ಷಕ್ಕೊಮ್ಮೆ, ಮೆಟ್ಟಿಲ ಮೇಲೆ ನಿಂತು, ಸ್ಪಷ್ಟವಾದ ದನಿಯಲ್ಲಿ ಹೇಳುತ್ತಿದ್ದೆ. ಪಾಪನಿವೇದನೆಗೆ ಹೋದಾಗಲೂ ಅದನ್ನು ಹೇಳಬೇಕೆಂದು ಒಮ್ಮೆಯೂ ಅನ್ನಿಸಲಿಲ್ಲ. ಯಾರ ಹೊಟ್ಟೆಗೂ ಹೊಡೆಯದ, ಯಾರ ಮಾನವನ್ನೂ ಕಳೆಯದ ಮಾತು. ವೃದ್ಧರೊಬ್ಬರ ಮನಸ್ಸಿಗೆ ನೋವಾಗದಿರಲೆಂದು ಆಡಿದ ಮಾತು. ಇಂಥದಕ್ಕೆ ಸುಳ್ಳೆಂಬ ಹೆಸರೇ ಭಾರವಾಯಿತೆಂದು ನನ್ನ ವಾದ. ಈಗ ಆಲೋಚಿಸಿದರೆ ಅನುಮಾನ ಬರುತ್ತದೆ. ನೋವಾಗದಿರಲೆಂದು ನಾನು ಕಾಪಾಡುತ್ತಿದ್ದದ್ದು ಅವರ ಮನಸ್ಸನ್ನೋ, ಅವರ ಮನಸ್ಸಿನಲ್ಲಿದ್ದ ನನ್ನ ಚಿತ್ರವನ್ನೋ? ಅವರ ಕಣ್ಣಿನಲ್ಲಿ ನಾನಿನ್ನೂ ಮುಂಸಾಲಿನ ಹುಡುಗನಾಗಿಯೇ ಇದ್ದೆ. ಆ ಹುಡುಗ ಅಲ್ಲಿ ಬದುಕಿರುವವರೆಗೆ ನಾನು ಅವನನ್ನು ಕೈಬಿಟ್ಟೆನೆಂದು ಒಪ್ಪಬೇಕಾಗಿರಲಿಲ್ಲ.

2009ರ ಮಳೆಗಾಲದಲ್ಲಿ ಮಾಸ್ತರರು ತೀರಿಕೊಂಡರು. ಆಗ ನಾನು ಊರಿನಲ್ಲಿಯೇ ಇದ್ದೆ. ಉಳಿದಿದ್ದ ಆರು ಮಂದಿ ಹಳೆಯ ಬ್ಯಾಂಡಿನವರು ಸಮಾಧಿಯವರೆಗೆ ನುಡಿಸುತ್ತ ನಡೆದರು. ಸ್ಯಾಕ್ಸೋಫೋನ್ ಇರಲಿಲ್ಲ. ನಾನು ಕೊಡೆ ಹಿಡಿದುಕೊಂಡು ಜನರ ನಡುವೆ ನಡೆದೆ.

ಮಂಗಳೂರಿಗೆ ವರ್ಗವಾಗಿ ಬಂದ ಮೇಲೆ, 2022ರಲ್ಲಿ, ಒಂದು ಹಳೆಯ ಆಲ್ಟೋ ವಾದ್ಯ ಕೊಂಡುಕೊಂಡೆ. ರಂಧ್ರಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳು ಒಣಗಿ ಗಾಳಿ ಸೋರುತ್ತಿತ್ತು. ಅವನ್ನು ಬದಲಾಯಿಸಲು ಇನ್ನಷ್ಟು ಹಣ ಹೋಯಿತು. ಪೆಟ್ಟಿಗೆ ನೋಡಿ ಮನೆಯಾಕೆ ಕೇಳಿದಳು: "ಯಾರ ಮದುವೆಗೆ ಊದಲಿಕ್ಕೆ?" ತಮಾಷೆಯ ಮಾತೇ ಆದರೂ ಅದಕ್ಕೆ ಉತ್ತರ ಸುಲಭವಲ್ಲ. ನಡುವಯಸ್ಸಿನವನೊಬ್ಬ ಮನೆಯ ಹಣವನ್ನೂ, ಮನೆಯವರ ಪಾಲಿನ ಸಂಜೆಗಳನ್ನೂ ತೆಗೆದು, ಎಂದೂ ಚೆನ್ನಾಗಿ ನುಡಿಸಲಾರದ ವಾದ್ಯಕ್ಕೆ ಸುರಿಯುವುದು ಸರಿಯೇ? "ದೇವಾಲಯದ ಸೇವೆಗಾಗಿ" ಎಂದರೆ ಬಾಯಿ ಮುಚ್ಚಿಸಬಹುದು, ನಿಜ. ಆದರೆ ನಮ್ಮ ಧರ್ಮಕೇಂದ್ರದ ಬ್ಯಾಂಡ್ ಈಗ ಇಲ್ಲ, ಯಾರೂ ನನ್ನ ಸೇವೆಯನ್ನು ಬೇಡಿಯೂ ಇಲ್ಲ. ನಮ್ಮ ಆಸೆಗಳಿಗೆ ಸೇವೆಯ ನಿಲುವಂಗಿ ತೊಡಿಸುವುದರಲ್ಲಿ ನಾವು ಧರ್ಮಕೇಂದ್ರದ ಜನ ಸ್ವಲ್ಪ ಹೆಚ್ಚೇ ನಿಪುಣರು. "ಗೊತ್ತಿಲ್ಲ" ಎಂದೆ. ಆಕೆ ನಕ್ಕು ಸುಮ್ಮನಾದಳು.

ಪಾಠ ಹೇಳಲು ದೊರೆತವರು ಇಪ್ಪತ್ತೇಳು ವರ್ಷದ ತರುಣ. ದೇವಸ್ಥಾನದ ಉತ್ಸವಗಳಲ್ಲಿ, ಮದುವೆಗಳಲ್ಲಿ ನುಡಿಸುವ ಮನೆತನದವರು. ತಾತ ನಾಗಸ್ವರ ಊದುತ್ತಿದ್ದರಂತೆ. ಅವರು ನನ್ನನ್ನು ಸರ್ ಎನ್ನುತ್ತಾರೆ, ನಾನವರನ್ನು ಮಾಸ್ಟ್ರೇ ಎನ್ನುತ್ತೇನೆ. ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಹೀಗೆ ದೇವಸ್ಥಾನದ ಅಂಗಳಕ್ಕೂ ಇಗರ್ಜಿಯ ಅಂಗಳಕ್ಕೂ ಸಮಾನವಾಗಿ ಸಲ್ಲುವ ವಾದ್ಯವಾಗಿರುವುದು ಸೋಜಿಗವೇ ಸರಿ. ಬೆಲ್ಜಿಯಮಿನ ದಿನಾಂಟ್ ಪಟ್ಟಣದಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದಾಗ ಅವನ ಮನಸ್ಸಿನಲ್ಲಿದ್ದದ್ದು ಸೇನೆಯ ಬ್ಯಾಂಡು. ಆ ಬ್ಯಾಂಡುಗಳ ದಾರಿಯಲ್ಲಿಯೇ ಅದು ಅರಮನೆಗಳಿಗೂ ನಮ್ಮ ಮೆರವಣಿಗೆಗಳಿಗೂ ಬಂತು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಮೊದಲು ಕಂಡು ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ.

ಮೊದಲ ದಿನ ನಾನು 3ನೇ ನಂಬರಿನ ರೀಡ್ ಕೊಂಡುಹೋಗಿದ್ದೆ. ರೀಡಿನ ಸಂಖ್ಯೆ ಹೆಚ್ಚಿದಷ್ಟೂ ಅದು ಬಿರುಸು. 1991ರಲ್ಲಿ ನಾನು ಊದುತ್ತಿದ್ದದ್ದು 3ನೇ ನಂಬರು. ಅದಕ್ಕಿಂತ ಕೆಳಗಿಳಿಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಊದಿದೆ. ಗಾಳಿಯ ಸದ್ದು ಬಿಟ್ಟು ಬೇರೇನೂ ಹೊರಡಲಿಲ್ಲ. ಮಾಸ್ಟ್ರು ಏನೂ ಹೇಳದೆ ತಮ್ಮ ಚೀಲದಿಂದ ಒಂದೂವರೆ ನಂಬರಿನ ರೀಡ್ ತೆಗೆದು ಕೈಗಿತ್ತರು. ಅದು ಹೊಸದಾಗಿ ಕಲಿಯುವ ಮಕ್ಕಳಿಗೆ ಕೊಡುವಂಥದು. ಅವರ ಇನ್ನೊಬ್ಬ ಶಿಷ್ಯ, ಆರನೆಯ ತರಗತಿಯ ಹುಡುಗ, ನನ್ನತ್ತ ಕುತೂಹಲದಿಂದ ನೋಡುತ್ತಿದ್ದ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಮೂವತ್ತೊಂದು ವರ್ಷಗಳ ಮೇಲೆ ಕೀಲಿಗಳ ಮೇಲಿಟ್ಟೊಡನೆ ತಾವಾಗಿಯೇ ತಮ್ಮ ಸ್ಥಾನ ಕಂಡುಕೊಂಡವು. ಮರೆತದ್ದು ತುಟಿ. ಬಾಯಿಯ ಸುತ್ತಲ ಸ್ನಾಯುಗಳು ಅಭ್ಯಾಸ ತಪ್ಪಿದರೆ ಬೇಗ ಸೋಲುತ್ತವೆ. ಹತ್ತು ನಿಮಿಷದಲ್ಲಿ ಕೆಳದುಟಿ ನಡುಗಿ, ಹಲ್ಲಿನ ಅಂಚು ಒಳಗೆ ಕೊರೆದು, ಸ್ವರ ಹಿಂಜಿಹೋಗುತ್ತಿತ್ತು. ಸುವಾರ್ತೆಯ ತಲಾಂತುಗಳ ಸಾಮತಿಯಲ್ಲಿ ಅಂಜಿದ ಸೇವಕ ಕನಿಷ್ಠಪಕ್ಷ ಹೂತಿಟ್ಟದ್ದನ್ನು ಹಾಗೆಯೇ ಅಗೆದು ತಂದು "ಇಗೋ ನಿನ್ನದು" ಎಂದು ಒಪ್ಪಿಸಬಲ್ಲವನಾದ. ವಿದ್ಯೆಗೆ ಆ ಭಾಗ್ಯವಿಲ್ಲ. ಹೂತಿಟ್ಟ ವಿದ್ಯೆ ಮಣ್ಣಿನಡಿಯಲ್ಲಿ ಕರಗುತ್ತ ಹೋಗುತ್ತದೆ, ಅದೂ ಒಂದೇ ಸಮನಾಗಿ ಕರಗುವುದಿಲ್ಲ. ಒಂದು ಭಾಗ ಗಟ್ಟಿಯಾಗಿ ಉಳಿದು, ಉಳಿದವೂ ಹಾಗೆಯೇ ಇವೆಯೆಂದು ನಂಬಿಸಿ ಮೋಸಮಾಡುತ್ತದೆ.

ಉಳಿದ ಭಾಗವೂ ಅಡ್ಡ ಬರುತ್ತದೆಂಬುದು ಎರಡನೆಯ ತಿಂಗಳಲ್ಲಿ ತಿಳಿಯಿತು. ನಾನು ಕಲಿತದ್ದು ಪಾಶ್ಚಾತ್ಯ ಕ್ರಮ. ಈ ಮಾಸ್ಟ್ರು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಸರಳೆ ವರಸೆಯಿಂದ, ಮಾಯಾಮಾಳವಗೌಳ ರಾಗದಲ್ಲಿ ಪಾಠ ತೊಡಗುವವರು. ಅದರಲ್ಲಿ ರಿಷಭವೂ ಧೈವತವೂ ತಗ್ಗಿನ ಸ್ಥಾನದಲ್ಲಿರುತ್ತವೆ. ನನ್ನ ಬೆರಳುಗಳು ಬಾಲ್ಯದಲ್ಲಿ ಪಳಗಿದ್ದು ದೋ-ರೇ-ಮಿಗೆ. ಇವರ ಭಾಷೆಯಲ್ಲಿ ಅದು ಶಂಕರಾಭರಣ. ಎಷ್ಟು ಎಚ್ಚರದಿಂದ ಹೊರಟರೂ ಎರಡನೆಯ ಸ್ವರಕ್ಕೆ ಬರುವಷ್ಟರಲ್ಲಿ ಬೆರಳು ಹಳೆಯ ಮನೆಗೆ ಓಡಿಬಿಡುತ್ತಿತ್ತು. ಆರನೆಯ ತರಗತಿಯ ಹುಡುಗ ನಾಲ್ಕು ದಿನದಲ್ಲಿ ಕಲಿತದ್ದು ನನಗೆ ಐದು ವಾರ ಹಿಡಿಯಿತು. "ಸರ್, ನೀವು ನೆನಪಿಂದ ಊದ್ತಾ ಇದ್ದೀರಿ. ಸ್ವಲ್ಪ ಕಿವಿ ಕೊಡಿ" ಎಂದರು ಮಾಸ್ಟ್ರು ಒಂದು ದಿನ. ನನಗೆ ಮುಖ ಬಿಸಿಯಾಯಿತು.

ಆ ರಾತ್ರಿ ನನ್ನನ್ನು ನಾನೇ ಕೇಳಿಕೊಂಡೆ: ಇಷ್ಟೊಂದು ಅವಮಾನವೇಕೆ? ಏನೂ ತಿಳಿಯದವನಿಗೆ ತಪ್ಪು ಮಾಡುವ ಸ್ವಾತಂತ್ರ್ಯವಿದೆ, ಆ ಹುಡುಗ ತಪ್ಪು ಊದಿ ನಗುತ್ತಾನೆ. ನನಗೆ ನಗಲಾಗುವುದಿಲ್ಲ. ಏಕೆಂದರೆ ನಾನು ಕಲಿಯಲು ಬಂದವನಲ್ಲ, ವಸೂಲಿಗೆ ಬಂದವನು. ಬಿಟ್ಟುಹೋದ ಮೂವತ್ತು ವರ್ಷಗಳು ನನ್ನವೇ, ಅವನ್ನು ಬಡ್ಡಿಸಹಿತ ಹಿಂದಿರುಗಿಸಿಕೊಳ್ಳುವ ಹಕ್ಕು ನನಗಿದೆ ಎಂಬ ಲೆಕ್ಕಾಚಾರ ಒಳಗೊಳಗೇ ನಡೆದಿತ್ತು. ಬಿಡದೆ ಊದಿದ್ದರೆ ಈ ಹೊತ್ತಿಗೆ ಏನಾಗುತ್ತಿದ್ದೆನೋ, ಆ ಇಲ್ಲದ ಮನುಷ್ಯನೊಡನೆ ನಾನು ದಿನವೂ ನನ್ನನ್ನು ತೂಗಿ ನೋಡುತ್ತಿದ್ದೆ. ಆ ಮನುಷ್ಯ ಎಂದೂ ಹುಟ್ಟಲಿಲ್ಲ, ಆದ್ದರಿಂದ ತಪ್ಪು ಸ್ವರ ಊದುವ ಪ್ರಮೇಯವೇ ಅವನಿಗಿಲ್ಲ.

ಈ ಸಂದರ್ಭದಲ್ಲಿ ಇಬ್ಬರು ದೊಡ್ಡವರ ನೆನಪಾಗುತ್ತದೆ. ಅಮೆರಿಕದ ಸನ್ನಿ ರೋಲಿನ್ಸ್ 1959ರ ಹೊತ್ತಿಗೆ ಜಾಝ್ ಲೋಕದ ಪ್ರಖ್ಯಾತ ಸ್ಯಾಕ್ಸೋಫೋನ್ ವಾದಕ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಜನ ಮೆಚ್ಚುತ್ತಿದ್ದರು, ತನ್ನ ವಾದನ ಮಾತ್ರ ಅವರಿಗೇ ಸಾಲದಾಯಿತು. ವೇದಿಕೆ ಬಿಟ್ಟು, 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ, ರೈಲು ವಾಹನಗಳ ಗದ್ದಲದ ನಡುವೆ ಒಬ್ಬರೇ ನಿಂತು ಅಭ್ಯಾಸ ಮಾಡಿದರು. ಮನೆಯಲ್ಲಿ ಊದಿದರೆ ನೆರೆಯ ಬಸುರಿ ಹೆಂಗಸಿಗೆ ತೊಂದರೆಯಾದೀತೆಂಬ ಅಳುಕು ಅವರಿಗೆ. ಹಿಂದಿರುಗಿ ಬಂದ ಮೇಲೆ 1962ರಲ್ಲಿ ಹೊರಬಂದ ಧ್ವನಿಮುದ್ರಿಕೆಗೆ 'ದಿ ಬ್ರಿಡ್ಜ್' ಎಂದೇ ಹೆಸರು. ನಮ್ಮ ಗೋಪಾಲನಾಥರೂ ಅಂಥವರೇ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತ ಮೇಲೆಯೂ ಸಾಲದೆಂದು ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಸಂಗೀತೋತ್ಸವದಲ್ಲಿ ನುಡಿಸಿ, 2004ರಲ್ಲಿ ಪದ್ಮಶ್ರೀ ಪಡೆದು, 2019ರಲ್ಲಿ ಅವರು ಗತಿಸಿದರು.

ಇವರ ಕಥೆಗಳನ್ನು ಹೇಳಿಕೊಂಡು ನಾನು ಸಮಾಧಾನ ಪಡುವಂತಿಲ್ಲ. ಅವರು ಮರಳಿ ಕಲಿತದ್ದು ಶಿಖರದ ಕಡೆಗೆ; ನನ್ನ ದಾರಿ ಯಾವ ಶಿಖರಕ್ಕೂ ಹೋಗುವುದಿಲ್ಲ. ಆದರೂ ಅವರಿಂದ ಒಂದನ್ನು ಪಡೆದೆ. ಸುತ್ತಲವರೆಲ್ಲ "ನೀನು ಊದುತ್ತಿದ್ದೀಯೆ" ಎನ್ನುತ್ತಿದ್ದಾಗ "ಇಲ್ಲ, ಇನ್ನೂ ಇಲ್ಲ" ಎಂದು ಹೇಳಲು ಅವರಿಗೆ ಧೈರ್ಯವಿತ್ತು. ನನಗೆ ಒಬ್ಬ ಬಡ ದರ್ಜಿಯ ಮುಂದೆ ಆ ಎರಡಕ್ಷರ ಹೊರಡಲಿಲ್ಲ.

ಪಾಠ ಆರಂಭಿಸಿ ಎಂಟು ತಿಂಗಳಾಗಿದ್ದಿರಬೇಕು. ಒಂದು ಸಂಜೆ ಕೈ ತೊಳೆಯುವಾಗ ಬಲಗೈಯ ಹೆಬ್ಬೆರಳಿನ ಬದಿಯಲ್ಲಿ ಒರಟಾದದ್ದೇನೋ ತಾಗಿತು. ನೋಡಿದರೆ ಸಣ್ಣದೊಂದು ಗಡಸು ಗಂಟು. ಸ್ಯಾಕ್ಸೋಫೋನಿನ ಹಿಂಬದಿಯಲ್ಲಿ ಒಂದು ಲೋಹದ ಕೊಕ್ಕೆಯಿದೆ. ವಾದ್ಯದ ಭಾರ ಒಂದಿಷ್ಟು ಕೊರಳಪಟ್ಟಿಯ ಮೇಲೆ, ಒಂದಿಷ್ಟು ಆ ಕೊಕ್ಕೆಯಡಿಯ ಹೆಬ್ಬೆರಳಿನ ಮೇಲೆ. ದಿನವೂ ಊದುವವನಿಗೆ ಅಲ್ಲಿ ಚರ್ಮ ಜಡ್ಡುಗಟ್ಟುತ್ತದೆ. ಬಾಲ್ಯದಲ್ಲಿಯೂ ನನಗದು ಇತ್ತು, ಬಿಟ್ಟ ಮೇಲೆ ಕರಗಿಹೋಗಿತ್ತು, ನಾನದನ್ನು ಮರೆತೇಬಿಟ್ಟಿದ್ದೆ.

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಮೆಟ್ಟಿಲ ಮೇಲೆ ಮಾಸ್ತರರು ಹಿಡಿಯುತ್ತಿದ್ದದ್ದು ಯಾವಾಗಲೂ ನನ್ನ ಬಲಗೈ. ಎರಡೂ ಕೈಗಳಲ್ಲಿ ಹಿಡಿದು, ಕೊನೆಗೆ ಹೆಬ್ಬೆರಳಿನ ಬಳಿ ಅದುಮಿ ಬಿಡುತ್ತಿದ್ದರು. ಬಟ್ಟೆಯ ನೇಯ್ಗೆಯನ್ನು ಬೆರಳಿನಿಂದಲೇ ಅಳೆಯುತ್ತಿದ್ದ ಮನುಷ್ಯ. ನನ್ನ ಉತ್ತರವನ್ನು ಅವರು ಕಿವಿಯಿಂದ ಕೇಳುವ ಮೊದಲೇ ಕೈಯಿಂದ ಓದಿರುತ್ತಿದ್ದರು.

ಅಂದರೆ ಅವರಿಗೆ ಮೊದಲ ವರ್ಷವೇ ತಿಳಿದಿತ್ತು. ತಿಳಿದೂ ಹದಿನೇಳು ವರ್ಷ ಕೇಳಿದರು. ಹಾಗಿದ್ದರೆ ಅದು ಎಂಥ ಪ್ರಶ್ನೆ? ಲೆಕ್ಕ ಕೇಳುವ ಪ್ರಶ್ನೆಯೆಂದು ನಾನು ಭಾವಿಸಿದ್ದೆ. ಲೆಕ್ಕ ಅವರ ಕೈಯಲ್ಲಿಯೇ ಇತ್ತು. ನನ್ನನ್ನು ಸಿಕ್ಕಿಹಾಕಿಸುವ ಉದ್ದೇಶವಿದ್ದರೆ ಒಂದು ಮಾತು ಸಾಕಿತ್ತು. ಅವರು ಅದನ್ನಾಡಲಿಲ್ಲ, ಮುನಿಯಲೂ ಇಲ್ಲ, ಕೇಳುವುದನ್ನು ನಿಲ್ಲಿಸಲೂ ಇಲ್ಲ. ಓದುಗರಲ್ಲಿ ತಂದೆತಾಯಂದಿರಿದ್ದೀರಿ. ಉತ್ತರ ಗೊತ್ತಿದ್ದೂ ಮಗುವನ್ನು ಕೇಳುವ ಪ್ರಶ್ನೆಯ ಬಗೆ ನಿಮಗೆ ನನಗಿಂತ ಚೆನ್ನಾಗಿ ತಿಳಿದಿರಬಹುದು. ಅಂಥ ಪ್ರಶ್ನೆ ಉತ್ತರಕ್ಕಾಗಿ ಕಾಯುವುದಿಲ್ಲ, ಉತ್ತರಿಸುವವನಿಗಾಗಿ ಕಾಯುತ್ತದೆ. "ಇಲ್ಲ ಮಾಸ್ತರರೇ, ಬಿಟ್ಟುಬಿಟ್ಟೆ" ಎಂದು ಒಮ್ಮೆ ಹೇಳಿದ್ದರೆ ಏನಾಗುತ್ತಿತ್ತು? ಬಹುಶಃ ಪೆಟ್ಟಿಗೆಯಿಂದ ವಾದ್ಯ ತೆಗೆದು ಒಂದು ಹಳೆಯ ರೀಡನ್ನು ಉಜ್ಜಿ ಕೊಡುತ್ತಿದ್ದರೋ ಏನೋ. ಇಷ್ಟು ಮಾತ್ರ ನಿಶ್ಚಯ: ನನ್ನ ಸುಳ್ಳು ಅವರನ್ನು ಯಾವ ನೋವಿನಿಂದಲೂ ಕಾಪಾಡಲಿಲ್ಲ.

ಸತ್ತವರಿಗೆ ಸಾಲ ತೀರಿಸಲಾಗದು. ಅವರ ಸಮಾಧಿಯ ಬಳಿ ನಿಂತು ಊದಿ ಬರಬೇಕೆಂದು ಒಮ್ಮೆ ಅನ್ನಿಸಿತ್ತು; ಅದರಲ್ಲಿ ನಾಟಕದ ವಾಸನೆ ಹೊಡೆದು ಕೈಬಿಟ್ಟೆ.

ಕಳೆದ ಜುಲೈಯಲ್ಲಿ ಕಚೇರಿಯ ತಪಾಸಣೆಯ ಗಡಿಬಿಡಿಯಲ್ಲಿ ಎಂಟು ದಿನ ವಾದ್ಯ ಮುಟ್ಟಲಾಗಲಿಲ್ಲ. ಪಾಠದ ದಿನ ಜೋರು ಮಳೆ. ನಾನು ಕೊಡೆ ಮಡಚಿ ಒಳಗೆ ಬರುವಾಗ ಮಾಸ್ಟ್ರು ತಮ್ಮ ವಾದ್ಯ ಒರೆಸುತ್ತ, ತಲೆಯೆತ್ತದೆಯೇ ಕೇಳಿದರು: "ಪ್ರಾಕ್ಟೀಸ್ ಆಯ್ತಾ ಸರ್?"

"ಹೌದು" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಷ್ಟು ಬೇಗ ಬಂತೆಂದರೆ, ಮೂವತ್ತೊಂದು ವರ್ಷಗಳಲ್ಲಿ ನನ್ನ ಬೆರಳುಗಳಷ್ಟೇ ನಿಷ್ಠೆಯಿಂದ ಅಭ್ಯಾಸ ಉಳಿಸಿಕೊಂಡದ್ದು ಅದೊಂದೇ ಎಂದು ನನಗೇ ಗಾಬರಿಯಾಯಿತು.

"ಇಲ್ಲ ಮಾಸ್ಟ್ರೇ" ಎಂದೆ. "ಎಂಟು ದಿನದಿಂದ ಪೆಟ್ಟಿಗೆ ತೆರೆದೇ ಇಲ್ಲ."

ಅವರು ತಲೆಯೆತ್ತಿದರು. ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. "ಹೌದಾ? ಹಾಗಾದ್ರೆ ರೀಡ್ ಪೂರ್ತಿ ಒಣಗಿರ್ತದೆ. ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಳ್ಳಿ."

ರೀಡನ್ನು ನಾಲಿಗೆಯ ಮೇಲಿಟ್ಟುಕೊಂಡು ಕುಳಿತೆ. ಹಾಗೆ ಕುಳಿತಾಗ ಮಾತನಾಡಲಾಗುವುದಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಜೊಂಡಿನ ಆ ಹುಲ್ಲುಹುಲ್ಲಾದ ರುಚಿ ಶಾಲೆಯ ಜಗಲಿಯದೇ. ಆಮೇಲೆ ರೀಡನ್ನು ಕಟ್ಟಿ, ಪಟ್ಟಿಯನ್ನು ಕೊರಳಿಗೆ ಹಾಕಿ, ಹೆಬ್ಬೆರಳನ್ನು ಕೊಕ್ಕೆಯಡಿ ಇಟ್ಟು ಷಡ್ಜ ಹಿಡಿದೆ. ಮಾಸ್ಟ್ರು ಮಂಡಿಯ ಮೇಲೆ ಎಣಿಸುತ್ತಿದ್ದರು. ಒಂಬತ್ತನೆಯ ಎಣಿಕೆಗೆ ತುಟಿ ಸೋತು ಸ್ವರ ಒಡೆಯಿತು.

"ಇನ್ನೊಮ್ಮೆ" ಎಂದರು.